ಅರ್ಧಕ್ಕೆ ನಿಂತ ಪ್ರಶ್ನೆ

ಕಳೆದ ಚಳಿಗಾಲದಲ್ಲಿ ದೆಹಲಿಯಲ್ಲಿ ನಡೆದ ಪುಸ್ತಕಗೋಷ್ಠಿಯೊಂದಕ್ಕೆ ಹೋಗಿದ್ದೆ. ಕೊಕ್ಕೋ ಬೆಳೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಲೇಖಕರ ಉಪನ್ಯಾಸ; ಅನಂತರ ಚಾಕಲೇಟು ಸವಿಯುವ ಕಾರ್ಯಕ್ರಮ. ಆಮಂತ್ರಣ ಪತ್ರಿಕೆಯಲ್ಲಿ ಲೇಖಕರ ಹೆಸರಿಗಿಂತ ಚಾಕಲೇಟೇ ದಪ್ಪಕ್ಷರದಲ್ಲಿತ್ತು. ಸಭಾಂಗಣ ತುಂಬಿತ್ತು. ಇದರಲ್ಲಿ ನನಗೆ ತಪ್ಪೇನೂ ಕಾಣದು. ಉಪ್ಪಿಟ್ಟು-ಕಾಫಿಯ ಭರವಸೆಯಿಲ್ಲದೆ ನಮ್ಮ ಸಂಘಗಳಲ್ಲಿಯೂ ಎಷ್ಟು ಕವಿಗೋಷ್ಠಿಗಳು ನಡೆದಿವೆ?

ಲೇಖಕರು ಚೆನ್ನಾಗಿಯೇ ಮಾತನಾಡಿದರು. ಚಾಕಲೇಟಿನ ರುಚಿಗೆ ಅಡಿಪಾಯ ಬೀಳುವುದು ತೋಟದಲ್ಲಿ ಎಂಬುದು ಅವರ ಮಾತಿನ ತಿರುಳು. ಕಾಯಿ ಒಡೆದರೆ ಬೀಜದ ಸುತ್ತ ಬಿಳಿಯ ಸಿಹಿ ಲೋಳೆ. ಬೀಜವೋ ಕಹಿ, ಒಗರು. ಲೋಳೆಯ ಸಮೇತ ರಾಶಿ ಹಾಕಿ, ಮುಚ್ಚಿ, ನಡುನಡುವೆ ತಿರುವಿಹಾಕುತ್ತ ಐದಾರು ದಿನ ಹುದುಗಿಸಬೇಕು. ಬಿಸಿಲಿನಲ್ಲಿ ಒಣಗಿಸಿ ಹುರಿದ ಮೇಲಷ್ಟೇ ನಾವು ಬಲ್ಲ ಪರಿಮಳ ಹೊಮ್ಮುವುದು. ಈ ಹಂತದಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಯಂತ್ರವೂ ತಿದ್ದಲಾರದು.

ಪ್ರಶ್ನೋತ್ತರಕ್ಕೆ ಹತ್ತು ನಿಮಿಷ. ಪುತ್ತೂರಿನ ಕಡೆಯ ಹಿರಿಯರೊಬ್ಬರು ಎದ್ದರು. 1970ರ ದಶಕದಲ್ಲಿ ಅಡಿಕೆ ತೋಟಗಳ ನೆರಳಿನಲ್ಲಿ ಕೊಕ್ಕೋ ನೆಡಲು ರೈತರಿಗೆ ಉತ್ತೇಜನ ಸಿಕ್ಕಿದ್ದನ್ನೂ, 1980ರ ಸುಮಾರಿಗೆ ಬೆಲೆ ಕುಸಿದಾಗ ಕೊಳ್ಳುವವರು ಹಿಂದೆ ಸರಿದದ್ದನ್ನೂ ನೆನಪಿಸತೊಡಗಿದರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಹಿರಿಯರು ಅಲ್ಲಿಯವರೆಗೆ ಬರಲೇ ಇಲ್ಲ. ಸಂಯೋಜಕರು ಗಡಿಯಾರ ತೋರಿಸಿದರು, ತಟ್ಟೆಗಳು ಬಂದವು, ಅವರು ಕುಳಿತರು.

ಮುಂದಿನ ಅರ್ಧ ಗಂಟೆಯ ಶ್ರದ್ಧೆಯನ್ನು ನೋಡಬೇಕಿತ್ತು! ಕಣ್ಣು ಮುಚ್ಚಿ, ಜಗಿಯದೆ, ನಾಲಗೆಯ ಮೇಲೆ ತುಣುಕನ್ನು ಕರಗಿಸುತ್ತ, ಕಿತ್ತಳೆಯ ಹುಳಿಯೋ ಬೆಲ್ಲದ ಪಾಕವೋ ಎಂದು ಗುರುತಿಸುವ ತನ್ಮಯತೆ. ಅದರಲ್ಲಿ ಐದು ನಿಮಿಷದಷ್ಟು ಆ ಹಿರಿಯರ ಪಾಲಿಗೂ ಬರಬಾರದಿತ್ತೇ? ಹೊದಿಕೆಯ ಮೇಲಿನ ಶೇಕಡಾ 70ರ ಅರ್ಥವೇನೆಂದು ಚರ್ಚೆಯಾಯಿತು. ಬೆಳೆಗಾರನಿಗೆ ಸೇರುವ ಪಾಲೆಷ್ಟೆಂದು ಯಾರೂ ಕೇಳಲಿಲ್ಲ. 2024ರಲ್ಲಿ ಪಶ್ಚಿಮ ಆಫ್ರಿಕದ ಫಸಲು ಸೊರಗಿ, ಅಂತಾರಾಷ್ಟ್ರೀಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿ, ಬಳಿಕ ಇಳಿದದ್ದನ್ನು ಕಂಡವರಿಗೆ ಹಿರಿಯರು ಎತ್ತಿದ ವಿಷಯ ಹಳೆಯದೆನಿಸಲಾರದು.

ನಮ್ಮ ಸಂಘಗಳೂ ಇಂಥ ಗೋಷ್ಠಿಗಳನ್ನು ಏರ್ಪಡಿಸಲಿ. ಆದರೆ ಕ್ರಮವನ್ನು ಬದಲಿಸಲಿ. ಮೊದಲು ರುಚಿ, ಆಮೇಲೆ ಮಾತು. ತಿಂದು ಎದ್ದುಹೋಗುವವರು ಹೋಗಲಿ. ಬಾಯಲ್ಲಿ ಒಗರು ಉಳಿಸಿಕೊಂಡು ಕುಳಿತ ಇಪ್ಪತ್ತು ಮಂದಿ ಸಾಕು, ಅವರ ಪ್ರಶ್ನೆಗಳಿಗೆ ಗಡಿಯಾರ ಬೇಡ.

ಹಿರಿಯರ ಉಳಿದ ಕತೆಯನ್ನು ನಾನು ಕೇಳಿದ್ದು ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಮೇಲೆ. ಬೆಲೆ ಬಿದ್ದ ವರ್ಷ ಅವರ ತಂದೆ ಕೊಕ್ಕೋ ಗಿಡಗಳನ್ನೆಲ್ಲ ಕಡಿಸಿದರಂತೆ. ಕೆರೆಯ ಬದಿಯ ಎರಡನ್ನು ಮಾತ್ರ ತಾಯಿ ಬಿಡಲಿಲ್ಲವಂತೆ. ಲೇಖಕರು ಆ ವೇಳೆಗೆ ಹೊರಟುಹೋಗಿದ್ದರು.