ಕಳ್ಳ ಬಾನುಲಿಯ ದನಿ ಉಳಿಸಿದ ಕ್ಯಾಸೆಟ್

1988ರ ಡಿಸೆಂಬರ್ ತಿಂಗಳ ಕೊನೆಯ ದಿನಗಳು. ಐರ್ಲೆಂಡಿನಲ್ಲಿ ಜನರು ವರ್ಷಗಟ್ಟಲೆ ಕೇಳುತ್ತಿದ್ದ ಬಾನುಲಿ ಕೇಂದ್ರಗಳು ಒಂದೊಂದಾಗಿ ವಿದಾಯ ಹೇಳತೊಡಗಿದ್ದವು. ಅವು ಯಾವುದಕ್ಕೂ ಸರ್ಕಾರದ ಪರವಾನಗಿ ಇರಲಿಲ್ಲ. ಡಿಸೆಂಬರ್ 31ರಿಂದ ಹೊಸ ಕಾಯಿದೆ ಜಾರಿಗೆ ಬರಲಿತ್ತು. ಆಮೇಲೂ ಪ್ರಸಾರ ಮುಂದುವರಿಸಿದವರಿಗೆ ಪರವಾನಗಿಯ ಆಸೆಯೇ ಇರಲಿಲ್ಲ. ಹೀಗಾಗಿ ಬಹುತೇಕ ಕೇಂದ್ರಗಳು ಬಾಯಿ ಮುಚ್ಚಿದವು. ಆ ಹೊತ್ತಿನಲ್ಲಿ ಕೆಲವು ಕೇಳುಗರು ಒಂದು ಸಣ್ಣ ಕೆಲಸ ಮಾಡಿದರು: ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಧ್ವನಿಮುದ್ರಣದ ಗುಂಡಿ ಒತ್ತಿದರು. ಆ ಕೇಂದ್ರಗಳ ದನಿ ಇಂದಿಗೂ ಕೇಳಸಿಗುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಇಂಥವರೇ.

ಪರವಾನಗಿಯಿಲ್ಲದ ಬಾನುಲಿಗೆ ‘ಕಡಲ್ಗಳ್ಳ’ ಎಂಬ ಅರ್ಥದ ಪೈರೇಟ್ ಎಂಬ ಹೆಸರು ಬಂದದ್ದಕ್ಕೆ ಕಾರಣವಿದೆ. 1964ರಲ್ಲಿ ರೇಡಿಯೊ ಕ್ಯಾರೊಲಿನ್ ಎಂಬ ಕೇಂದ್ರ ಇಂಗ್ಲೆಂಡಿನ ಕರಾವಳಿಯಾಚೆ, ಕಾನೂನಿನ ಕೈಗೆಟುಕದ ದೂರದಲ್ಲಿ, ಹಡಗಿನಿಂದ ಪ್ರಸಾರ ಆರಂಭಿಸಿತು. ಆ ಹಡಗು ಸಜ್ಜಾದದ್ದು ಐರ್ಲೆಂಡಿನ ಗ್ರೀನೋರ್ ಬಂದರಿನಲ್ಲಿ. ಆದರೆ ಐರ್ಲೆಂಡಿನ ಒಳಗೆ ಹಡಗಿನ ಅಗತ್ಯವೇ ಬೀಳಲಿಲ್ಲ. ಅಲ್ಲಿದ್ದ 1926ರ ಕಾಯಿದೆ ಹಳೆಯದು, ಶಿಕ್ಷೆ ಅಲ್ಪ. ಹೀಗಾಗಿ ಪುಟ್ಟ ಕೋಣೆಯೊಂದರಲ್ಲಿ ಪ್ರೇಷಕ ಯಂತ್ರ ಇಟ್ಟು, ಮೇಲೆ ತಂತಿ ಎಳೆದು, ನೆಲದ ಮೇಲೆಯೇ ಕೇಂದ್ರ ನಡೆಸಿದರು. 1981ರಲ್ಲಿ ಡಬ್ಲಿನ್ ನಗರದಲ್ಲಿ ಆರಂಭವಾದ ರೇಡಿಯೊ ನೋವಾ ಬಹಳ ಜನಪ್ರಿಯವಾಯಿತು. 1983ರ ಮೇ ತಿಂಗಳಲ್ಲಿ ಅಧಿಕಾರಿಗಳು ಅದರ ಯಂತ್ರಗಳನ್ನು ಜಪ್ತಿ ಮಾಡಿದಾಗ ಸಾವಿರಾರು ಜನ ಬೀದಿಗಿಳಿದರು. ಕೇಂದ್ರ ಮತ್ತೆ ಮಾತನಾಡಿತು.

ಇದೆಲ್ಲ ಬರೀ ಹಾಡು, ಮೋಜು ಎನ್ನುವಂತಿಲ್ಲ. ಐರ್ಲೆಂಡಿನ ಪಶ್ಚಿಮದ ಕಾನೆಮಾರಾ ಪ್ರದೇಶದ ಮನೆಮಾತು ಐರಿಷ್. ತಮ್ಮ ನುಡಿಗೊಂದು ಬಾನುಲಿ ಬೇಕೆಂದು ಅಲ್ಲಿನ ಯುವಕರು 1970ರಲ್ಲಿ ಪರವಾನಗಿಯಿಲ್ಲದೆ ಕೆಲ ದಿನ ಪ್ರಸಾರ ಮಾಡಿ ತೋರಿಸಿದರು. 1972ರ ಏಪ್ರಿಲ್‌ನಲ್ಲಿ ಸರ್ಕಾರಿ ಸಂಸ್ಥೆಯೇ ಐರಿಷ್ ಭಾಷೆಯ ಕೇಂದ್ರವನ್ನು ತೆರೆಯಿತು. ಹಾಗೆಂದು ಕಾನೂನು ಮುರಿದದ್ದು ಸರಿ ಎಂದಲ್ಲ. ಮನಬಂದ ಕಂಪನಾಂಕದಲ್ಲಿ ಎಲ್ಲರೂ ಪ್ರಸಾರ ಮಾಡಿದರೆ ಒಬ್ಬರ ತರಂಗ ಇನ್ನೊಬ್ಬರದಕ್ಕೆ ಅಡ್ಡಿ. ತುರ್ತು ಸೇವೆಗಳ ಸಂದೇಶಕ್ಕೂ ಅಡ್ಡಿಯಾಗಬಹುದು. ಪರವಾನಗಿ ಇರುವುದೇ ಅದಕ್ಕಾಗಿ. ಆದರೂ ಒಂದು ನಾಡಿನ ಜನ ಏನು ಕೇಳಿದರು, ಹೇಗೆ ಮಾತನಾಡಿದರು, ಯಾವುದಕ್ಕೆ ನಕ್ಕರು ಎಂಬುದು ಆ ಪ್ರಸಾರಗಳಲ್ಲಿದೆ.

ಕಾನೂನಿನ ಕಣ್ಣು ತಪ್ಪಿಸಿ ನಡೆಯುವ ಕೇಂದ್ರಕ್ಕೆ ಅಚ್ಚುಕಟ್ಟಾದ ದಾಖಲೆ ಕೊಠಡಿ ಎಲ್ಲಿಂದ ಬರಬೇಕು? ಉಳಿದದ್ದು ಹೆಚ್ಚಾಗಿ ಕೇಳುಗರ ಮನೆಯ ಕ್ಯಾಸೆಟ್ಟುಗಳಲ್ಲಿ. ಅಂಥ ಧ್ವನಿಸುರುಳಿಗಳನ್ನು ಆಸಕ್ತರು ಕಲೆಹಾಕಿ ಗಣಕಯಂತ್ರಕ್ಕೆ ಇಳಿಸುತ್ತಿದ್ದಾರೆ. ಡಬ್ಲಿನ್ ಸಿಟಿ ವಿಶ್ವವಿದ್ಯಾನಿಲಯದಲ್ಲಿ ಈ ಬಾನುಲಿಗಳದೇ ಒಂದು ಸಂಗ್ರಹವಿದೆ. ಈ ಕೆಲಸ ಕಾಲದ ಜೊತೆಗಿನ ಓಟ. ಏಕೆಂದು ತಿಳಿಯಲು ಕ್ಯಾಸೆಟ್ಟಿನ ಒಳಗೆ ಇಣುಕಬೇಕು.

ಕ್ಯಾಸೆಟ್ಟಿನ ಪಟ್ಟಿ ತೆಳುವಾದ ಪ್ಲಾಸ್ಟಿಕ್. ಅದರ ಮೇಲೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನ ಲೇಪ. ಧ್ವನಿ ಮೊದಲು ವಿದ್ಯುತ್ತಾಗುತ್ತದೆ. ಆ ವಿದ್ಯುತ್ತು ರೆಕಾರ್ಡರಿನ ‘ಹೆಡ್’ ಎಂಬ ಪುಟ್ಟ ವಿದ್ಯುತ್ಕಾಂತಕ್ಕೆ ಹರಿದು, ಅದರೆದುರು ಸಾಗುವ ಲೇಪದ ಕಣಗಳನ್ನು ಹೆಚ್ಚುಕಡಿಮೆ ಕಾಂತಗಳನ್ನಾಗಿ ಮಾಡುತ್ತದೆ. ಮತ್ತೆ ನುಡಿಸಿದಾಗ ಪಟ್ಟಿಯ ಕಾಂತತ್ವವೇ ಹೆಡ್ಡಿನ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಪ್ರೌಢಶಾಲೆಯ ಪಾಠದ ವಿದ್ಯುತ್ಕಾಂತೀಯ ಪ್ರೇರಣೆ ಇದೇ.

ಈಗ ಒಂದು ಪುಟ್ಟ ಲೆಕ್ಕ. ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ಸಾಗುತ್ತದೆ. ಸೆಕೆಂಡಿಗೆ 100 ಬಾರಿ ಕಂಪಿಸುವ ತಗ್ಗು ದನಿಯ ಒಂದು ಅಲೆಗೆ ಪಟ್ಟಿಯ ಮೇಲೆ ಸಿಗುವ ಜಾಗ ಸುಮಾರು ಅರ್ಧ ಮಿಲಿಮೀಟರ್. 10,000 ಬಾರಿ ಕಂಪಿಸುವ ಕೀಚಲು ದನಿಯ ಅಲೆಗೆ ಸಿಗುವುದು 4.76 ಮೈಕ್ರೊಮೀಟರ್ ಮಾತ್ರ. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಧೂಳಿನ ಕಣವೊಂದು ಪಟ್ಟಿಯನ್ನು ಹೆಡ್ಡಿನಿಂದ ಒಂದೇ ಒಂದು ಮೈಕ್ರೊಮೀಟರ್ ಎತ್ತಿದರೆ ಸಾಕು, ಕೀಚಲು ದನಿಯ ಸಂಕೇತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ತಗ್ಗು ದನಿಗೆ ಆಗುವ ನಷ್ಟ ನೂರಕ್ಕೆ ಒಂದರಷ್ಟು. ಹಳೆಯ ಕ್ಯಾಸೆಟ್ಟಿನಲ್ಲಿ ಮಾತು ಕಂಬಳಿಯೊಳಗಿಂದ ಬಂದಂತೆ ಕೇಳುವುದು, ‘ಸ’ಕಾರ ‘ಶ’ಕಾರಗಳು ಮೊದಲು ಮಂಕಾಗುವುದು ಇದಕ್ಕೇ.

ತೊಂದರೆ ಇಷ್ಟೇ ಅಲ್ಲ. ತೇವದಿಂದ ಲೇಪ ಹಿಡಿದಿಡುವ ಅಂಟು ಸಡಿಲವಾಗುತ್ತದೆ. ಸುರುಳಿಯ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ತಗುಲಿ, ಮಾತಿಗೆ ಮುಂಚೆಯೇ ಅದರ ನೆರಳು ಮೆಲ್ಲಗೆ ಕೇಳಿಸುತ್ತದೆ. ಒಳ್ಳೆಯ ಟೇಪ್ ರೆಕಾರ್ಡರುಗಳೂ, ಅವನ್ನು ರಿಪೇರಿ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ತಜ್ಞರು ಒಂದೊಂದು ಕ್ಯಾಸೆಟ್ಟಿಗೂ ಹೆಡ್ಡಿನ ಓರೆಯನ್ನು ಹೊಂದಿಸಿ ನುಡಿಸುತ್ತಾರೆ. ದನಿಯನ್ನು ಸೆಕೆಂಡಿಗೆ 48,000 ಅಥವಾ ಅದಕ್ಕೂ ಹೆಚ್ಚು ಬಾರಿ ಅಳೆದು ಅಂಕಿಗಳನ್ನಾಗಿ ಬರೆದಿಡುತ್ತಾರೆ. ಗೊರಗೊರ ಸದ್ದನ್ನು ತೆಗೆಯುವುದಿದ್ದರೆ ಅದು ಪ್ರತಿಯಲ್ಲಿ ಮಾತ್ರ. ಮೊದಲು ಇಳಿಸಿದ್ದನ್ನು ಇದ್ದ ಹಾಗೆಯೇ ಕಾಪಾಡುತ್ತಾರೆ.

ಆ ಗೊರಗೊರ ಸದ್ದೂ ಸಾಕ್ಷಿ ಹೇಳುತ್ತದೆ! ಎಷ್ಟೋ ಕ್ಯಾಸೆಟ್ಟುಗಳ ಮೇಲೆ ತಾರೀಖು ಬರೆದಿರುವುದಿಲ್ಲ. ಮಧ್ಯಮ ತರಂಗದ ಪ್ರಸಾರದ ಹಿಂದೆ ದೂರದೇಶದ ಮಾತು ತೇಲಿ ಬಂದರೆ ಅದು ಬಹುಶಃ ಕತ್ತಲಾದ ಮೇಲಿನ ಮುದ್ರಣ. ಹಗಲಿನಲ್ಲಿ ಅಯಾನುಗೋಲದ ಕೆಳಪದರ ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕ್ಷೀಣಿಸಿ, ತರಂಗಗಳು ಮೇಲಿನ ಪದರದಿಂದ ಮರಳಿ ದೂರದೂರಕ್ಕೆ ತಲುಪುತ್ತವೆ. ಹಾಡುಗಳೂ ಸುಳಿವು ಕೊಡುತ್ತವೆ. ರೇಡಿಯೊ ನೋವಾದ ಕ್ಯಾಸೆಟ್ಟಿನಲ್ಲಿ 1984ರಲ್ಲಿ ಬಿಡುಗಡೆಯಾದ ಹಾಡು ಇದೆ ಎನ್ನಿ. ಆ ಕೇಂದ್ರ 1986ರ ಮಾರ್ಚಿನಲ್ಲಿ ನಿಂತಿತು. ಮುದ್ರಣ ಈ ಎರಡರ ನಡುವಿನದು ಎಂದಾಯಿತು. ವಾರ್ತೆಯ ಒಂದು ವಾಕ್ಯ ಸಿಕ್ಕರೆ ದಿನವೇ ಗೊತ್ತಾದೀತು. ಬೇಡವೆಂದು ವಾರ್ತೆ, ಜಾಹೀರಾತು ಬರುವಾಗ ಗುಂಡಿ ನಿಲ್ಲಿಸಿ ಬರೀ ಹಾಡು ತುಂಬಿಕೊಂಡವರ ಕ್ಯಾಸೆಟ್ಟಿಗಿಂತ, ಎಲ್ಲವನ್ನೂ ಹಾಗೇ ಓಡಲು ಬಿಟ್ಟ ಸೋಮಾರಿಯ ಕ್ಯಾಸೆಟ್ಟಿಗೆ ಇಂದು ಬೆಲೆ ಹೆಚ್ಚು. ಹಾಡು ಬೇರೆಲ್ಲಾದರೂ ಸಿಗುತ್ತದೆ, ನಡುವಿನ ಮಾತು ಸಿಗುವುದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಕ್ಯಾಸೆಟ್ಟುಗಳಿರಬಹುದು: ಅಜ್ಜಿಯ ಹಾಡು, ಮದುವೆಮನೆಯ ಗದ್ದಲ, ತೊದಲು ಮಾತಾಡುತ್ತಿದ್ದ ಅಪ್ಪ. ಕಸಕ್ಕೆ ಹಾಕುವ ಮುನ್ನ ಹಿರಿಯರೊಂದಿಗೆ ಕುಳಿತು, ಯಾರ ದನಿ, ಯಾವ ವರ್ಷ ಎಂದು ಕೇಳಿ ಚೀಟಿ ಅಂಟಿಸಿ. ಧ್ವನಿವರ್ಧಕದ ಅಯಸ್ಕಾಂತದಿಂದ ದೂರವಿಡಿ. ಹೆಡ್ ಒರೆಸದ ಹಳೆಯ ಯಂತ್ರಕ್ಕೆ ಹಾಕಬೇಡಿ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ, ಒಂದೊಂದು ಬದಿಗೆ ಒಂದರಂತೆ, ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಧ್ವನಿಮುದ್ರಣದ ಗುಂಡಿ ಕೆಳಗಿಳಿಯದು, ಯಾರೂ ಕೈತಪ್ಪಿ ಅಜ್ಜಿಯ ಹಾಡನ್ನು ಅಳಿಸಲಾರರು.