ಹಿಂದಿರುಗಿ ಬಂದವನು ಒಬ್ಬನೇ



ಯೇಸುಸ್ವಾಮಿ ಗುಣಪಡಿಸಿದ ಕುಷ್ಠರೋಗಿಗಳು ಹತ್ತು ಮಂದಿ. ಮರಳಿ ಬಂದು ಪಾದಕ್ಕೆರಗಿದವನು ಸಮಾರಿಯದವನೊಬ್ಬನೇ ಎಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಮಿಕ್ಕ ಒಂಬತ್ತು ಮಂದಿಯೂ ಪ್ರಭುವಿನ ಮಾತನ್ನು ನಂಬಿಯೇ ಯಾಜಕರತ್ತ ನಡೆದವರು. ಆದರೆ ವರವನ್ನು ಪಡೆದು ವರದಾತನನ್ನು ಮರೆತರು.

ಈ ಮರೆವು ನಮ್ಮಲ್ಲಿಯೂ ಉಂಟು. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯಕ್ಕಾಗಿ ಹುಕ್ಕೇರಿ ತಾಲ್ಲೂಕಿನ ಊರುಗಳು ಮುಳುಗಡೆಯಾದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ಮಂದಿರವು ಕಾಣಿಸಿಕೊಂಡು ಆ ಊರುಗಳನ್ನು ನೆನಪಿಸುತ್ತದೆ. ಅದೇ ಘಟಪ್ರಭೆಯ ನೀರಿನಿಂದ ಗೋಕಾಕ, ಮೂಡಲಗಿಯ ಕಬ್ಬಿನ ಹೊಲಗಳು ಹಸಿರಾಗಿವೆ. ಬೆಳೆ ಕೈಗೆ ಬಂದಾಗ ನಾವು ದೇವರಿಗೆ ಕೈಮುಗಿಯುತ್ತೇವೆ; ಮನೆ-ಹೊಲ ಬಿಟ್ಟು ಎದ್ದುಹೋದವರನ್ನು ನೆನೆಯುತ್ತೇವೆಯೇ?

'ಯೂಕರಿಸ್ತ್' ಎಂಬ ಗ್ರೀಕ್ ಮೂಲದ ಪದಕ್ಕೆ ಕೃತಜ್ಞತಾ ಸಮರ್ಪಣೆ ಎಂದೇ ಅರ್ಥ. ಬಲಿಪೀಠದ ಮೇಲಿನ ರೊಟ್ಟಿ ದೇವರ ವರವೂ ಹೌದು, ಮನುಷ್ಯರ ದುಡಿಮೆಯ ಫಲವೂ ಹೌದು. ಇವೆರಡರಲ್ಲಿ ಒಂದನ್ನು ಮರೆತ ವಂದನೆ ಅರ್ಧ ವಂದನೆಯೇ ಸರಿ.

ಆದುದರಿಂದ ಈ ರವಿವಾರ ಬಲಿಪೂಜೆ ಮುಗಿದ ಮೇಲೆ, ಊರು ಕಳೆದುಕೊಂಡ ಒಂದು ಮನೆಯ ಬಾಗಿಲಿಗೆ ನಾವು ಹೋಗೋಣ. ದಾನಿಗಳಾಗಿ ಅಲ್ಲ, ಋಣಿಗಳಾಗಿ. ಹಿರಿಯರ ಮಾತು ಕೇಳೋಣ, ಮಕ್ಕಳಿಗೂ ಕೇಳಿಸೋಣ. ಹಿಂದಿರುಗಿ ಬಂದ ಆ ಹತ್ತನೆಯವನ ದಾರಿ ಅದೇ.