ಗೆದ್ದವನಿಗೆ ಬಹಿಷ್ಕಾರ

ಬಲಹೀನನನ್ನು ಪಂಕ್ತಿಯಿಂದ ಎಬ್ಬಿಸಿ ಕಳುಹಿಸುವ ಅನ್ಯಾಯವನ್ನು ಲೋಕವು ಬಹುಕಾಲದಿಂದ ಕಂಡಿರುತ್ತದೆ. ಆದರೆ ಬಲಿಷ್ಠನಾದವನನ್ನು, ಅವನು ಬಲಿಷ್ಠನಾದನೆಂಬ ಕಾರಣಕ್ಕಾಗಿಯೇ, ನೂರು ವರ್ಷ ಜತೆಯಲ್ಲಿ ಕುಳಿತು ಉಂಡವರು ಏಳೆಂದು ಹೇಳಿದ ಪ್ರಸಂಗವು ಅಪೂರ್ವವಾದುದು. ಅಮೆರಿಕಾ ದೇಶದ ಮಿನ್ನೆಸೋಟ ಸಂಸ್ಥಾನದಲ್ಲಿ 2019ನೆಯ ಇಸವಿ ಮೇ ತಿಂಗಳಿನಲ್ಲಿ ಇಂಥ ಒಂದು ತೀರ್ಮಾನವಾಯಿತು. ಅಲ್ಲಿನ ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟವು ತನ್ನ ಸ್ಥಾಪಕ ಸದಸ್ಯರಲ್ಲಿ ಒಂದಾದ ಸೈಂಟ್ ಥಾಮಸ್ ವಿಶ್ವವಿದ್ಯಾಲಯವನ್ನು, ಅದರ ಇಚ್ಛೆಗೆ ವಿರುದ್ಧವಾಗಿ, ಹೊರಗೆ ಹಾಕಿತು. ಮೋಸವನ್ನಾಗಲಿ ನಿಯಮಭಂಗವನ್ನಾಗಲಿ ಕಾರಣವಾಗಿ ಹೇಳಲಿಲ್ಲ. ಮುಖ್ಯವಾಗಿ ತೋರಿಸಿದ ಕಾರಣವು ಒಂದೇ: ಸ್ಪರ್ಧೆಯಲ್ಲಿ ಸರಿಸಮಾನತೆಯು ಉಳಿದಿಲ್ಲವೆಂಬುದು. ಹೊರಬಿದ್ದ ವಿದ್ಯಾಲಯವು 2025–26ನೆಯ ಸಾಲಿನಿಂದ ಅತ್ಯುನ್ನತ ವಿಭಾಗದ ರಾಷ್ಟ್ರೀಯ ಪಂದ್ಯಾವಳಿಗಳಿಗೂ ಅರ್ಹತೆಯನ್ನು ಪಡೆದಿರುವುದರಿಂದ, ಆ ತೀರ್ಮಾನದ ಯುಕ್ತಾಯುಕ್ತತೆಯನ್ನು ಈಗ ಶಾಂತಚಿತ್ತದಿಂದ ತೂಗಿ ನೋಡಬಹುದಾಗಿದೆ.

ಈ ಒಕ್ಕೂಟಗಳ ಸ್ವರೂಪವನ್ನು ವಾಚಕರಿಗೆ ಮೊದಲು ವಿವರಿಸಬೇಕು. ಅಮೆರಿಕಾದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಖಾಸಗಿ ಕಾಲೇಜೂ ಸ್ವತಂತ್ರ ಸಂಸ್ಥೆ. ಯಾರೊಡನೆ ಆಡಬೇಕೆಂದು ಮೇಲಿನಿಂದ ಅಪ್ಪಣೆ ಬರುವುದಿಲ್ಲ. ಪ್ರತಿವರ್ಷವೂ ಒಂದೊಂದು ಪಂದ್ಯಕ್ಕೂ ಒಬ್ಬೊಬ್ಬರಿಗೆ ಕಾಗದ ಬರೆದು ಬೇಡಿಕೊಳ್ಳುವುದು ಕಷ್ಟವಾದುದರಿಂದ, ಆಸುಪಾಸಿನ ಎಂಟು ಹತ್ತು ಕಾಲೇಜುಗಳು ಕೂಡಿ, ವರ್ಷವರ್ಷವೂ ತಮ್ಮತಮ್ಮಲ್ಲೇ ಆಡಿಕೊಳ್ಳುವುದೆಂದು ಕರಾರು ಮಾಡಿಕೊಳ್ಳುತ್ತವೆ. ಇದನ್ನೇ ಅವರು ಕಾನ್ಫರೆನ್ಸ್ ಎನ್ನುತ್ತಾರೆ. ನಿಗದಿಯಾದಷ್ಟು ಸದಸ್ಯರುಳ್ಳ ಒಕ್ಕೂಟದಲ್ಲಿ ಗೆದ್ದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ನೇರವಾದ ಪ್ರವೇಶವೂ ದೊರೆಯುತ್ತದೆ. ಆದುದರಿಂದ ಒಕ್ಕೂಟದ ಸದಸ್ಯತ್ವವೆಂಬುದು ಬರಿಯ ಕಾಗದದ ಮರ್ಯಾದೆಯಲ್ಲ. ಬರುವ ವರ್ಷದ ಶನಿವಾರಗಳಂದು ಎದುರಾಳಿ ಯಾರು, ಬಸ್ಸು ಎಷ್ಟು ಮೈಲಿ ಓಡಬೇಕು, ಹುಡುಗರು ಎಷ್ಟು ಪಾಠಗಳನ್ನು ಕಳೆದುಕೊಳ್ಳಬೇಕು ಎಂಬುದೆಲ್ಲವೂ ಅದರಿಂದಲೇ ನಿಷ್ಕರ್ಷೆಯಾಗುತ್ತದೆ. ಒಕ್ಕೂಟಕ್ಕೆ ಸಂವಿಧಾನವು ಎಲ್ಲಿಯೇ ಅಚ್ಚಾಗಿರಲಿ, ಅದರ ನಿಜವಾದ ಸಂವಿಧಾನವು ಪಂದ್ಯಪಟ್ಟಿಯೇ.

1906ರಲ್ಲಿ ಹುಟ್ಟಿದ ಅಮೆರಿಕಾದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯು 1973ರಲ್ಲಿ ತನ್ನ ಸದಸ್ಯರನ್ನು ಮೂರು ವಿಭಾಗಗಳಾಗಿ ಮಾಡಿತು. ಮೂರನೆಯ ವಿಭಾಗದಲ್ಲಿ ನಾನೂರಕ್ಕೂ ಹೆಚ್ಚು ಸಂಸ್ಥೆಗಳಿರುತ್ತವೆ. ಆಟದ ಸಾಮರ್ಥ್ಯಕ್ಕಾಗಿ ವಿದ್ಯಾರ್ಥಿವೇತನವನ್ನು ಕೊಡಕೂಡದೆಂಬುದು ಈ ವಿಭಾಗದ ಮುಖ್ಯ ನಿಯಮ. ಇಲ್ಲಿ ಆಡುವವನು ಮೊದಲು ವಿದ್ಯಾರ್ಥಿ, ಅನಂತರ ಆಟಗಾರ. ಮಿನ್ನೆಸೋಟದ ಒಕ್ಕೂಟವು ಈ ವಿಭಾಗಕ್ಕೆ ಸೇರಿದ್ದು. 1920ರಲ್ಲಿ ಏಳು ಕಾಲೇಜುಗಳು ಕೂಡಿ ಅದನ್ನು ಕಟ್ಟಿದುವು: ಕಾರ್ಲ್‌ಟನ್, ಗಸ್ಟೇವಸ್ ಅಡಾಲ್ಫಸ್, ಹ್ಯಾಮ್‌ಲಿನ್, ಮೆಕಾಲೆಸ್ಟರ್, ಸೈಂಟ್ ಜಾನ್ಸ್, ಸೈಂಟ್ ಓಲಾಫ್ ಮತ್ತು ಸೈಂಟ್ ಥಾಮಸ್.

ಕಾಲಕ್ರಮದಲ್ಲಿ ಈ ಸೋದರರಲ್ಲಿ ಒಬ್ಬನು ಮಿಕ್ಕವರಿಗಿಂತ ಬಹಳ ಎತ್ತರವಾಗಿ ಬೆಳೆದನು. ಸೈಂಟ್ ಪಾಲ್ ನಗರದ ಸೈಂಟ್ ಥಾಮಸ್ ಕಾಲೇಜು ವಿಶ್ವವಿದ್ಯಾಲಯವಾಯಿತು. 2019ರ ವೇಳೆಗೆ ಅದರ ಪದವಿ ತರಗತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಜತೆಯ ಕಾಲೇಜುಗಳಲ್ಲಿ ಅನೇಕವು ಮೂರು ಸಾವಿರದ ಆಸುಪಾಸಿನವು, ಇಲ್ಲವೆ ಅದಕ್ಕೂ ಕಡಿಮೆಯವು. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಅದು 2011 ಮತ್ತು 2016ರಲ್ಲಿ ತನ್ನ ವಿಭಾಗದ ರಾಷ್ಟ್ರೀಯ ವಿಜೇತವಾಯಿತು. ಅಮೆರಿಕನ್ ಫುಟ್‌ಬಾಲಿನಲ್ಲಿ 2012 ಮತ್ತು 2015ರಲ್ಲಿ ಅಂತಿಮ ಪಂದ್ಯದವರೆಗೆ ಹೋಯಿತು. 2017ರಲ್ಲಿ ಸೈಂಟ್ ಓಲಾಫ್ ತಂಡವನ್ನು 97–0 ಅಂಕಗಳಿಂದ ಸೋಲಿಸಿತು. ಹೀಗೆ ಸೋತದ್ದು ಎಲ್ಲಿಂದಲೋ ಬಂದ ಅಪರಿಚಿತರಲ್ಲ. 1920ರಲ್ಲಿ ಜತೆಯಾಗಿ ಸಹಿ ಹಾಕಿದ ಕಾಲೇಜು. ಸೋತವರಿಗೆ ನಾಚಿಕೆಯಾಯಿತೆಂಬುದು ಸಹಜ. ಗೆದ್ದವರಿಗಾದರೂ ಇದರಿಂದ ಯಾವ ಸಂತೋಷವುಂಟಾಗಿರಬಹುದೆಂದು ನಮಗೆ ತಿಳಿಯದು.

ಸಣ್ಣ ಕಾಲೇಜುಗಳ ಸಂಕಟವನ್ನು ನಾವು ಹಗುರಾಗಿ ಎಣಿಸುವವರಲ್ಲ. ಅಮೆರಿಕನ್ ಫುಟ್‌ಬಾಲು ಮೈಗೆ ಮೈ ತಾಕಿಸಿ ಆಡುವ ಆಟ. ವಾರಕ್ಕೆ ಒಂದೇ ಪಂದ್ಯ, ವರ್ಷಕ್ಕೆ ಹತ್ತು. ಒಕ್ಕೂಟದಲ್ಲಿ ಆಗ ಒಂಬತ್ತು ತಂಡಗಳಿದ್ದುದರಿಂದ ಆ ಹತ್ತರಲ್ಲಿ ಎಂಟು ಪಂದ್ಯಗಳು ಒಳಗಿನವರೊಡನೆಯೇ ಕಳೆದು, ಇಷ್ಟಬಂದವರೊಡನೆ ಆಡಲು ಉಳಿಯುತ್ತಿದ್ದುದು ಎರಡು ಮಾತ್ರ. ತನಗಿಂತ ಇಮ್ಮಡಿ ದೊಡ್ಡವನ ಎದುರಿಗೆ ಹುಡುಗರನ್ನು ವರ್ಷವರ್ಷವೂ ನಿಲ್ಲಿಸಲೇಬೇಕೆಂಬ ಕಟ್ಟಳೆ ಯಾವ ತಂದೆಗೆ ರುಚಿಸೀತು? ಇದಲ್ಲದೆ ಆ ದೇಶದ ಸಣ್ಣ ಕಾಲೇಜುಗಳಿಗೆ ಆಟವು ಬರಿಯ ವಿನೋದವಲ್ಲ. ಆಡಲು ಅವಕಾಶವುಂಟೆಂಬ ಆಸೆಯಿಂದ ಎಷ್ಟೋ ಹುಡುಗರು ಅಲ್ಲಿ ಫೀಜು ಕೊಟ್ಟು ಸೇರುತ್ತಾರೆ. ಹುಡುಗರು ಬಾರದಿದ್ದರೆ ಕಾಲೇಜು ನಿಲ್ಲುವುದಿಲ್ಲ. ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು ಹಣವಿಲ್ಲದೆ 2024ನೆಯ ಇಸವಿ ಮೇ 31ರಂದು ಬಾಗಿಲು ಹಾಕಿತು. ಅದೇ ದಿನ ಅದರ ಬೇಸ್‌ಬಾಲ್ ತಂಡವು ಓಹಾಯೋ ಸಂಸ್ಥಾನದಲ್ಲಿ ಮೂರನೆಯ ವಿಭಾಗದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಲಿತ್ತು. ಕಾಲೇಜು ಮುಚ್ಚಿದರೂ ಪಂದ್ಯಪಟ್ಟಿಯಲ್ಲಿ ಅದರ ಹೆಸರು ಉಳಿದಿದ್ದಿತು. ಇಂಥ ಭಯವು ಕಣ್ಣೆದುರಿಗಿರುವ ಕಾಲೇಜುಗಳ ಅಧ್ಯಕ್ಷರು ನೂರಕ್ಕೆ ಸಮೀಪವಾದ ಅಂಕಗಳ ಸೋಲನ್ನು ಕಂಡು ಚಿಂತಿಸಿದರೆ ಅವರನ್ನು ಹೇಡಿಗಳೆಂದು ಹಳಿಯುವುದು ನ್ಯಾಯವಲ್ಲ. ಕೆಲವು ಕಾಲೇಜುಗಳು ತಾವೇ ಒಕ್ಕೂಟವನ್ನು ಬಿಟ್ಟುಹೋಗುವ ಯೋಚನೆಯಲ್ಲಿದ್ದುವೆಂದು ಅಲ್ಲಿನ ಪತ್ರಿಕೆಗಳು ಆಗ ವರದಿಮಾಡಿದ್ದುವು.

ರೋಗವಿದ್ದುದು ನಿಜ. ಆದರೆ ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳಬಹುದೇ ಎಂಬುದೇ ನಮ್ಮ ಪ್ರಶ್ನೆ. ರೋಗಕ್ಕೆ ತಕ್ಕ ಮದ್ದು ಆ ಒಕ್ಕೂಟದ ಮನೆಯಲ್ಲಿಯೇ ಇದ್ದಿತು. ಅದನ್ನು ಅವರು ಹಿಂದೊಮ್ಮೆ ಪ್ರಯೋಗಿಸಿಯೂ ಇದ್ದರು.

ಮೆಕಾಲೆಸ್ಟರ್ ಕಾಲೇಜಿನ ಕಥೆಯನ್ನು ನೋಡಿರಿ. ವಿದ್ಯೆಯಲ್ಲಿ ಹೆಸರಾಂತ ಆ ಕಾಲೇಜು ಫುಟ್‌ಬಾಲಿನಲ್ಲಿ ಬಹಳ ದುರ್ಬಲ. 1974ರಿಂದ 1980ರವರೆಗೆ ಅದು ಒಂದರ ಮೇಲೊಂದಾಗಿ 50 ಪಂದ್ಯಗಳನ್ನು ಸೋತಿತು. 2001ರ ಸಾಲು ಮುಗಿದ ಮೇಲೆ ಫುಟ್‌ಬಾಲಿನ ಮಟ್ಟಿಗೆ ಮಾತ್ರ ಒಕ್ಕೂಟದಿಂದ ಹೊರಗೆ ಬಂದು, ತನಗೆ ಸರಿದೊರೆಯಾದವರನ್ನು ತಾನೇ ಹುಡುಕಿಕೊಂಡು ಆಡತೊಡಗಿತು. ಮಿಕ್ಕ ಆಟಗಳಲ್ಲಿ ಅದರ ಸದಸ್ಯತ್ವಕ್ಕೆ ಭಂಗ ಬರಲಿಲ್ಲ. 2014ರಲ್ಲಿ ಫುಟ್‌ಬಾಲಿಗಾಗಿ ಮಿಡ್‌ವೆಸ್ಟ್ ಎಂಬ ಬೇರೊಂದು ಒಕ್ಕೂಟವನ್ನು ಸೇರಿ, ಸೇರಿದ ಮೊದಲನೆಯ ವರ್ಷದಲ್ಲಿಯೇ ಅಲ್ಲಿ ಪ್ರಥಮ ಸ್ಥಾನವನ್ನು ಗಳಿಸಿತು. 2021ರಲ್ಲಿ ಫುಟ್‌ಬಾಲಿನಲ್ಲಿಯೂ ಹಳೆಯ ಮನೆಗೆ ಹಿಂದಿರುಗಿತು. ಐವತ್ತು ಸೋಲುಗಳನ್ನುಂಡ ಕಾಲೇಜು ತಕ್ಕ ಎದುರಾಳಿಗಳು ದೊರೆತೊಡನೆ ತಲೆಯೆತ್ತಿ ನಿಂತಿತು. ಪಂದ್ಯಪಟ್ಟಿಯನ್ನು ಬದಲಾಯಿಸಿದುದರಿಂದ ಇಷ್ಟು ಸಾಧ್ಯವಾಯಿತು. ಬಾಂಧವ್ಯವನ್ನು ಕಡಿಯಬೇಕಾಗಿ ಬರಲಿಲ್ಲ.

ದುರ್ಬಲನಿಗೆ ಸಂದ ಈ ಸೌಕರ್ಯವು ಪ್ರಬಲನಿಗೆ ಏಕೆ ಸಲ್ಲಬಾರದಾಗಿತ್ತು? ಯಾವ ಆಟದಲ್ಲಿ ಅಂತರವು ಅಪಾಯಕರವಾಗಿತ್ತೋ ಆ ಆಟದಲ್ಲಿ ಮಾತ್ರ ಸೈಂಟ್ ಥಾಮಸ್ ವಿದ್ಯಾಲಯವನ್ನು ಪಟ್ಟಿಯಿಂದ ಬಿಡಿಸಿ, ಈಜು, ಓಟ, ಟೆನಿಸ್ ಮೊದಲಾದವುಗಳಲ್ಲಿ ಹಿಂದಿನಂತೆ ಇರಗೊಡಿಸಬಹುದಾಗಿತ್ತು. ಅದು ಎಲ್ಲ ಆಟಗಳಲ್ಲಿಯೂ ಮುಂದಿತ್ತೆಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಮುಂದಿರುವುದು ಬೇರೆ, ಮಿಕ್ಕವರನ್ನು ನುಚ್ಚುನೂರು ಮಾಡುವುದು ಬೇರೆ. ಟೆನಿಸ್ ಪಂದ್ಯದಲ್ಲಿ ಸೋತವನು ಎದುರಾಳಿಯ ಕೈ ಕುಲುಕಿ ಮನೆಗೆ ಹೋಗುತ್ತಾನೆ. ಮಾರನೆಯ ವರ್ಷ ಇನ್ನಷ್ಟು ಕಲಿತು ಬರುತ್ತಾನೆ. ತನಗಿಂತ ಬಲ್ಲವನೊಡನೆ ಆಡದೆ ಯಾರೂ ಬಲ್ಲವರಾದುದಿಲ್ಲ. ಪ್ರಥಮ ಸ್ಥಾನವನ್ನು ಯಾವಾಗಲೂ ಒಬ್ಬನೇ ಪಡೆಯುವನೆಂಬುದು ಹೊರಗೆ ಹಾಕಲು ಸಾಕಾದ ಕಾರಣವಾದರೆ, ಆಟದ ಉದ್ದೇಶವೇನೆಂದು ಕೇಳಬೇಕಾಗುತ್ತದೆ.

ಇನ್ನೊಂದು ಮಾರ್ಗವೂ ಇದ್ದಿತು. 2021ರಲ್ಲಿ, ಅಂದರೆ ಸೈಂಟ್ ಥಾಮಸ್ ಹೊರಟುಹೋದ ಮೇಲೆ, ಅದೇ ಒಕ್ಕೂಟವು ತನ್ನ ಹತ್ತು ಫುಟ್‌ಬಾಲ್ ತಂಡಗಳನ್ನು ಐದೈದರ ಎರಡು ಗುಂಪುಗಳಾಗಿ ಮಾಡಿತು. ಕೊನೆಯ ವಾರದಲ್ಲಿ ಒಂದು ಗುಂಪಿನ ಮೊದಲನೆಯ ತಂಡವು ಇನ್ನೊಂದರ ಮೊದಲನೆಯದನ್ನೂ, ಕೊನೆಯದು ಕೊನೆಯದನ್ನೂ ಎದುರಿಸುವಂತೆ ಏರ್ಪಾಡಾಯಿತು. ಸಮಬಲರು ಸಮಬಲರೊಡನೆ ಸೆಣಸುವಂತೆ ಪಟ್ಟಿಯನ್ನು ಬರೆಯಬಹುದೆಂಬುದನ್ನು ಇದು ತೋರಿಸುತ್ತದೆ. ಈ ಬುದ್ಧಿಯು ಎರಡು ವರ್ಷ ಮೊದಲೇ ಮೂಡಿ, ಇದೇ ಉಪಾಯವನ್ನು ಇನ್ನೂ ಧೈರ್ಯವಾಗಿ ಮುಂದುವರಿಸಿದ್ದರೆ, ಬಹಿಷ್ಕಾರದ ಮಾತು ಬೇಕಾಗುತ್ತಿರಲಿಲ್ಲವೆಂದು ನಾವು ಅಭಿಪ್ರಾಯಪಡುತ್ತೇವೆ. ಹೊರಹಾಕುವಾಗಲೂ 2021ರ ವಸಂತದವರೆಗೆ ವಾಯಿದೆಯನ್ನು ಕೊಟ್ಟರೆಂಬುದನ್ನು ಮಾತ್ರ ಒಕ್ಕೂಟದವರ ಪರವಾಗಿ ಹೇಳಲೇಬೇಕು.

ನಷ್ಟವಾದುದು ಯಾರಿಗೆ? ಸೈಂಟ್ ಥಾಮಸ್ ವಿದ್ಯಾಲಯವು ಬೀದಿಯ ಪಾಲಾಗಲಿಲ್ಲ. 2020ರ ಜುಲೈ ತಿಂಗಳಿನಲ್ಲಿ ರಾಷ್ಟ್ರೀಯ ಸಂಸ್ಥೆಯ ಅನುಮತಿಯನ್ನು ಪಡೆದು, ಮೂರನೆಯ ವಿಭಾಗದಿಂದ ಎರಡನೆಯದನ್ನು ದಾಟಿ ನೇರವಾಗಿ ಮೊದಲನೆಯ ವಿಭಾಗಕ್ಕೆ 2021ರಲ್ಲಿ ಏರಿತು. ಏರಿದುದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹಿಂದೆ ಬಸ್ಸಿನಲ್ಲಿ ಹೋಗಿ ಆಡಿ ರಾತ್ರಿಗೆ ಹಿಂದಿರುಗುತ್ತಿದ್ದ ಹುಡುಗರು, ಫುಟ್‌ಬಾಲಿಗಾಗಿ ಸೇರಿದ ಪಯೊನೀರ್ ಒಕ್ಕೂಟದಲ್ಲಿ ಪಶ್ಚಿಮದ ಕ್ಯಾಲಿಫೋರ್ನಿಯದಿಂದ ದಕ್ಷಿಣದ ಫ್ಲಾರಿಡದವರೆಗೆ ಹಬ್ಬಿದ ಎದುರಾಳಿಗಳನ್ನು ಅರಸಿ ಹೋಗಬೇಕಾಯಿತು. ದೂರದ ಒಕ್ಕೂಟಗಳು ಮೂರನೆಯ ವಿಭಾಗದಲ್ಲಿಯೂ ಇಲ್ಲದಿಲ್ಲ. 1986ರಲ್ಲಿ ಸ್ಥಾಪಿತವಾದ ಯೂನಿವರ್ಸಿಟಿ ಅಥ್ಲೆಟಿಕ್ ಅಸೋಸಿಯೇಷನ್ ಎಂಬುದರಲ್ಲಿ ನ್ಯೂಯಾರ್ಕ್, ಷಿಕಾಗೋ, ಅಟ್ಲಾಂಟ, ಸೈಂಟ್ ಲೂಯಿ ಮೊದಲಾದ ನಗರಗಳ ವಿಶ್ವವಿದ್ಯಾಲಯಗಳಿದ್ದು, ಶುಕ್ರವಾರ ಒಂದು ಊರಿನಲ್ಲಿ, ಭಾನುವಾರ ಮತ್ತೊಂದು ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬರುವ ಪದ್ಧತಿಯುಂಟು. ಅವು ಸಿರಿವಂತ ವಿದ್ಯಾಲಯಗಳು. ಸಾಮಾನ್ಯ ಕಾಲೇಜಿಗೆ ನೆರೆಹೊರೆಯೇ ಆಸ್ತಿ.

ಆ ನೆರೆಹೊರೆಗೇ ದೊಡ್ಡ ನಷ್ಟವು ತಟ್ಟಿತು. ಸೈಂಟ್ ಥಾಮಸ್ ಮತ್ತು ಸೈಂಟ್ ಜಾನ್ಸ್ ತಂಡಗಳು ಫುಟ್‌ಬಾಲಿನಲ್ಲಿ ಮೊದಲು ಸೆಣಸಿದುದು 1901ರಲ್ಲಿ, ಅಂದರೆ ಒಕ್ಕೂಟವು ಹುಟ್ಟುವುದಕ್ಕೂ ಮುಂಚೆ. 2017ರಲ್ಲಿ ಮಿನ್ನಿಯಾಪೊಲಿಸ್ ನಗರದ ಬೇಸ್‌ಬಾಲ್ ಮೈದಾನದಲ್ಲಿ ಈ ಎರಡು ತಂಡಗಳ ಪಂದ್ಯವನ್ನು ನೋಡಲು 37,355 ಜನರು ಸೇರಿದ್ದರು. ಮೂರನೆಯ ವಿಭಾಗದಲ್ಲಿ ಅಷ್ಟು ಜನರು ಹಿಂದೆ ಎಂದೂ ಸೇರಿದುದಿಲ್ಲ. ವೇತನವಿಲ್ಲದೆ ಆಡುವ ಹುಡುಗರನ್ನು ನೋಡಲು ಒಂದು ಪಟ್ಟಣದಷ್ಟು ಜನ! 2019ರ ಪಂದ್ಯವೇ ಈ ಪರಂಪರೆಗೆ ಕೊನೆಯಾಯಿತು. ತಾತನೂ ತಂದೆಯೂ ಆಡಿದ ಆಟವನ್ನು ಮೊಮ್ಮಗನು ಆಡಲಾರದೆ ಹೋದನು. ಇಂಥ ಪಂದ್ಯವನ್ನು ಯಾವ ಸಮಿತಿಯೂ ಠರಾವಿನಿಂದ ಹುಟ್ಟಿಸಲಾರದು; ಠರಾವಿನಿಂದ ಕೊಲ್ಲುವುದು ಮಾತ್ರ ಸುಲಭ.

ನಮ್ಮ ನಾಡಿನಲ್ಲಿ ಕಾಲೇಜುಗಳು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳಿಗೆ ಅಧೀನವಾಗಿರುವುದರಿಂದ, ಪಂದ್ಯಗಳ ಕ್ರಮವು ಮೇಲಿನಿಂದ ಗೊತ್ತಾಗಿ ಬರುತ್ತದೆ. ಸಹವಾಸಿಗಳನ್ನು ಆರಿಸುವ ಹೊಣೆಯೂ ಇಲ್ಲ, ಹೊರಹಾಕುವ ಪಾಪವೂ ಇಲ್ಲ. ಆದರೆ ಸೋತ ತಂಡವು ಆ ದಿನವೇ ಗಂಟುಮೂಟೆ ಕಟ್ಟುವ ಪದ್ಧತಿಯಿರುವಲ್ಲಿ, ದುರ್ಬಲ ಕಾಲೇಜಿನ ಹುಡುಗನಿಗೆ ವರ್ಷಕ್ಕೆ ಒಂದು ಎರಡು ಪಂದ್ಯಗಳಿಗಿಂತ ಹೆಚ್ಚು ಸಿಕ್ಕುವುದಿಲ್ಲ. ಅಮೆರಿಕಾದ ಸಣ್ಣ ಕಾಲೇಜಿನ ಹುಡುಗನು ಸೋತರೂ ಗೆದ್ದರೂ ಋತುವಿನ ಪಂದ್ಯಗಳೆಲ್ಲವನ್ನೂ ಆಡುತ್ತಾನೆ. ಅವುಗಳಲ್ಲಿ ಸುಮಾರು ಅರ್ಧವನ್ನು ತನ್ನ ಊರಿನವರ ಕಣ್ಣೆದುರಿಗೆ ಆಡುತ್ತಾನೆ. ಒಕ್ಕೂಟದ ಈ ಗುಣವು ನಮ್ಮ ವಿದ್ಯಾಧಿಕಾರಿಗಳ ಗಮನಕ್ಕೆ ಅರ್ಹವಾದುದು. ಗುಣವನ್ನು ಗ್ರಹಿಸುವಾಗ ಮಿನ್ನೆಸೋಟದ ಪಾಠವನ್ನೂ ಜತೆಗೆ ಗ್ರಹಿಸುವುದು ಲೇಸು.

ಆ ಪಾಠವು ಸರಳವಾದುದು. ಪಟ್ಟಿಯು ಮನುಷ್ಯರು ಬರೆದುದು. ಅದನ್ನು ಎಷ್ಟು ಸಾರಿಯಾದರೂ ಅಳಿಸಿ ಬರೆಯಬಹುದು. ಸೋದರಭಾವವು ತಲೆಮಾರುಗಳಿಂದ ಬೆಳೆದುದು. ಒಮ್ಮೆ ಕಡಿದರೆ ಚಿಗುರುವುದು ಕಷ್ಟ. ಪಂಕ್ತಿಯಲ್ಲಿ ಒಬ್ಬನ ಹಸಿವು ದೊಡ್ಡದಾದರೆ ಬಡಿಸುವ ಕ್ರಮವನ್ನು ತಿದ್ದಬೇಕು. ಅವನ ಎಲೆಯನ್ನು ಎತ್ತಿಬಿಡುವುದು ಸಮಾನತೆಯೆನಿಸದು. ಇಂದು ಎಲ್ಲರಿಗಿಂತ ಬಲಿಷ್ಠನಾದವನನ್ನು ಹೊರಗೆ ಕಳುಹಿಸಿದರೆ, ಅವನ ನಂತರದವನು ನಾಳೆ ಎಲ್ಲರಿಗಿಂತ ಬಲಿಷ್ಠನಾಗುತ್ತಾನೆ. ಆಗ ಅವನನ್ನೂ ಎಬ್ಬಿಸುವರೇ? ಈ ಪ್ರಶ್ನೆಗೆ ಮಿನ್ನೆಸೋಟದವರು ಇನ್ನೂ ಉತ್ತರ ಹೇಳಬೇಕಾಗಿದೆ.